ಬಿರುಕುಬಿಟ್ಟ ಹಾಸುಗಲ್ಲೂ ಊರಿನ ಇತಿಹಾಸವೇ

ಇಂಗ್ಲೆಂಡಿನ ಬಾತ್ ನಗರಕ್ಕೆ ಬರುವ ಪ್ರವಾಸಿಗರಲ್ಲಿ ಹೆಚ್ಚಿನವರು ರೋಮನ್ನರ ಕಾಲದ ಬಿಸಿನೀರಿನ ಕೊಳವನ್ನು ನೋಡಿ, ಜೇನ್ ಆಸ್ಟೆನ್ ವಾಸವಾಗಿದ್ದ ಬೀದಿಗಳಲ್ಲಿ ಅಡ್ಡಾಡಿ ಹಿಂದಿರುಗುತ್ತಾರೆ. ಸಮೀಪದ ಬ್ರಿಸ್ಟಲ್‌ನಲ್ಲಿ ನೆಲೆಸಿರುವ ನಾನು ಊರಿನಿಂದ ಬಂದ ನೆಂಟರನ್ನು ಮೊದಲು ಕರೆದೊಯ್ಯುವುದು ನ್ಯೂ ಕಿಂಗ್ ಬೀದಿಯ, ಈಗ ಸಂಗ್ರಹಾಲಯವಾಗಿರುವ 19ನೇ ಸಂಖ್ಯೆಯ ಮನೆಗೆ. ಹ್ಯಾನೋವರ್‌ನಿಂದ ಬಂದು, ಪ್ರಾರ್ಥನಾ ಮಂದಿರದಲ್ಲಿ ಆರ್ಗನ್ ನುಡಿಸಿ, ಸಂಗೀತ ಪಾಠ ಹೇಳಿ ಜೀವನ ಸಾಗಿಸುತ್ತಿದ್ದ ವಿಲಿಯಂ ಹರ್ಷೆಲ್, 1781ರ ಮಾರ್ಚ್ 13ರ ರಾತ್ರಿ ತಾನೇ ತಯಾರಿಸಿದ ದೂರದರ್ಶಕದಲ್ಲಿ ಯುರೇನಸ್ ಗ್ರಹವನ್ನು ಕಂಡದ್ದು ಈ ಮನೆಯ ಹಿತ್ತಲಿನಿಂದ.

ಆ ಮನೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಕೆಳಗಿನ ಕಾರ್ಯಾಗಾರದ ನೆಲ. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ದೂರದರ್ಶಕಕ್ಕೆ ಬೇಕಾದ ದೊಡ್ಡ ಲೋಹದ ದರ್ಪಣವೊಂದನ್ನು ಎರಕ ಹೊಯ್ಯುವಾಗ ಕರಗಿದ ಲೋಹ ನೆಲಕ್ಕೆ ಹರಿದು, ಹಾಸುಗಲ್ಲುಗಳು ಸಿಡಿದು ಚೂರುಗಳು ಮಾಳಿಗೆಯವರೆಗೆ ಹಾರಿದವು. ಅಲ್ಲಿದ್ದವರು ಎರಡು ಬಾಗಿಲುಗಳಿಂದ ಹೊರಗೋಡಿದರು. ಬಿರುಕುಬಿಟ್ಟ ಆ ಕಲ್ಲುಗಳನ್ನು ಯಾರೂ ಬದಲಿಸಿಲ್ಲ. ಎರಕದ ಅಚ್ಚಿಗಾಗಿ ಕುದುರೆ ಲದ್ದಿಯನ್ನು ಕುಟ್ಟಿ ಜರಡಿ ಹಿಡಿಯುವ ಕೆಲಸದಲ್ಲಿ ದುಡಿದವಳು, ದರ್ಪಣಕ್ಕೆ ಹೊಳಪು ಕೊಡುತ್ತ ಹದಿನಾರು ಗಂಟೆ ಕೈ ತೆಗೆಯದೆ ಕುಳಿತ ಅಣ್ಣನಿಗೆ ತುತ್ತು ತಿನ್ನಿಸಿದವಳು ತಂಗಿ ಕ್ಯಾರೊಲಿನ್. ಮುಂದೆ ಆಕೆ ತಾನಾಗಿಯೇ ಎಂಟು ಧೂಮಕೇತುಗಳನ್ನು ಕಂಡುಹಿಡಿದಳು. ಅಣ್ಣನ ಕಥೆಯನ್ನು ತಂಗಿಯ ಕಥೆಯಿಂದ ಬೇರ್ಪಡಿಸದೆ ಹೇಳುವುದೇ ಈ ಸಂಗ್ರಹಾಲಯದ ದೊಡ್ಡತನ ಎಂಬುದು ನನ್ನ ಭಾವನೆ.

ನಮ್ಮ ಅನೇಕ ಸ್ಮಾರಕ ಭವನಗಳಲ್ಲಿ ಕಾಣಸಿಗುವುದು ಬಹುಮಟ್ಟಿಗೆ ಗೌರವದ ಗುರುತುಗಳು: ಪ್ರಶಸ್ತಿ ಫಲಕ, ಸನ್ಮಾನದ ಶಾಲು, ಗಣ್ಯರೊಂದಿಗಿನ ಭಾವಚಿತ್ರ. ಅವು ಬೇಡವೆಂದಲ್ಲ. ಆದರೆ ಆ ವ್ಯಕ್ತಿ ದೊಡ್ಡವನೆಂದು ಈಗಾಗಲೇ ಒಪ್ಪಿಕೊಂಡವನಿಗೆ ಮಾತ್ರ ಅವು ಏನನ್ನಾದರೂ ಹೇಳುತ್ತವೆ. ಶಾಲೆಯ ಪ್ರವಾಸದಲ್ಲಿ ಸಾಲುಗಟ್ಟಿ ಬರುವ ಹತ್ತು ವರ್ಷದ ಹುಡುಗಿಗೆ ಕೆಲಸ ಹೇಗೆ ನಡೆಯಿತು, ಎಲ್ಲಿ ಕೆಟ್ಟಿತು, ಯಾರು ಜೊತೆಗಿದ್ದರು ಎಂಬುದನ್ನು ಅವು ತಿಳಿಸಲಾರವು.

ಕುಪ್ಪಳಿಯ ಕವಿಮನೆ ಈ ವಿಷಯದಲ್ಲಿ ಬಾತ್‌ಗೆ ಯಾವ ರೀತಿಯಲ್ಲೂ ಕಡಿಮೆಯಲ್ಲ. ಮಲೆನಾಡಿನ ತೊಟ್ಟಿಮನೆಯೊಂದರ ಪಾತ್ರೆ ಪಡಗಗಳನ್ನೂ ಬೇಸಾಯದ ಸಲಕರಣೆಗಳನ್ನೂ ಅಲ್ಲಿ ಉಳಿಸಿಕೊಂಡಿರುವುದರಿಂದ, ಕುವೆಂಪು ಅವರನ್ನು ಓದದವರೂ ಒಂದು ಕಾಲದ ಬದುಕನ್ನು ಅರಿತು ಹೊರಬರುತ್ತಾರೆ. ಮನೆಯಿಂದ ಕವಿಶೈಲಕ್ಕೆ ಏರಿ ಹೋಗುವವರಿಗೆ ಕವಿ ಕಂಡ ಬೆಟ್ಟಸಾಲೂ ಕಾಡೂ ಕಾಣಸಿಗುತ್ತವೆ. ಇಂಥ ಸೌಭಾಗ್ಯ ಬಾತ್‌ನ ಆ ಕಿರಿದಾದ ಮನೆಗಿಲ್ಲ.

ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿಗೆ ಬರುವ ಮಕ್ಕಳ ಕೈಗೂ ಇಂಥದ್ದೊಂದು ಸಿಗಬೇಕೆಂಬುದು ನನ್ನ ಆಸೆ. ನೀರಿನ ಮಟ್ಟ ಮಿತಿ ಮೀರಿದಾಗ ತಾನಾಗಿ ತೆರೆದು, ಇಳಿದಾಗ ತಾನಾಗಿ ಮುಚ್ಚಿಕೊಳ್ಳುವ ಅಣೆಕಟ್ಟಿನ ಬಾಗಿಲನ್ನು ಅವರು ರೂಪಿಸಿದರು. 1903ರಲ್ಲಿ ಅದನ್ನು ಮೊದಲು ಅಳವಡಿಸಿದ್ದು ಪುಣೆಯ ಖಡಕವಾಸ್ಲಾ ಜಲಾಶಯದಲ್ಲಿ. ಮಕ್ಕಳೇ ತೊಟ್ಟಿಗೆ ನೀರು ಸುರಿದು, ಬಾಗಿಲು ಏಳುವುದನ್ನು ಕಣ್ಣಾರೆ ನೋಡುವಂಥ ಮಾದರಿಯೊಂದನ್ನು ಅಲ್ಲಿ ಇಟ್ಟು, ಕೆಲಸದಲ್ಲಿ ಅವರೊಡನೆ ದುಡಿದ ಮೇಸ್ತ್ರಿಗಳ, ಕೂಲಿಯಾಳುಗಳ ಮಾತನ್ನೂ ಪಕ್ಕದಲ್ಲಿ ಬರೆಸುವುದಕ್ಕೆ ಬಹಳ ಹಣವೇನೂ ಬೇಕಾಗದು.