ಜಿಪ್ಸಿಯ ಬುಷ್‌ಗೆ ಆಯಿಲ್ ಬಿಡಬೇಡಿ: ಒಂದು ಸ್ಪಷ್ಟನೆ

ಹಳೆಯ ಮಾರುತಿ ಜಿಪ್ಸಿಯ ಕಮಾನು ಪಟ್ಟಾ (ಲೀಫ್ ಸ್ಪ್ರಿಂಗ್) ಕಿರುಗುಟ್ಟಿದರೆ ಅದರ ತುದಿಯ ಬುಷ್‌ಗೆ, ಅಂದರೆ ಬೋಲ್ಟ್ ಸುತ್ತ ಕೂರುವ ಕೊಳವೆಯಂಥ ತುಂಡಿಗೆ, ಎಂಜಿನ್ ಆಯಿಲ್ ಬಿಟ್ಟರೆ ಸಾಕು, ಬದಲಿಸಬೇಕಿಲ್ಲ ಎಂಬ ಸಲಹೆ ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ತಪ್ಪು.

ಮಾತಿನ ಮೂಲವನ್ನು ಊಹಿಸಬಹುದು. ಹಳೆಯ ವಿಲ್ಲೀಸ್ ಜೀಪ್‌ಗಳ ಶಾಕಲ್‌ಗಳಲ್ಲಿ (ಪಟ್ಟಾದ ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿಗಳಲ್ಲಿ) ಲೋಹದ ಬುಷ್ ಮತ್ತು ಗ್ರೀಸ್ ತುಂಬುವ ನಿಪ್ಪಲ್ ಇದ್ದವು. ಅಲ್ಲಿ ಗ್ರೀಸ್ ಹೊಡೆಯಲೇಬೇಕಿತ್ತು. ಜಿಪ್ಸಿಯದು ರಬ್ಬರ್ ಬುಷ್. ಪೆಟ್ರೋಲಿಯಂ ಎಣ್ಣೆ ಸೋಕಿದರೆ ಸಾಮಾನ್ಯ ರಬ್ಬರ್ ಉಬ್ಬಿ, ಮೆತ್ತಗಾಗಿ, ಬೇಗ ಹರಿಯುತ್ತದೆ. ಸದ್ದೇನೋ ನಾಲ್ಕು ದಿನ ಅಡಗುತ್ತದೆ, ನಿಜ. ಸಲಹೆ ಕೊಟ್ಟವರು ಐದನೆಯ ದಿನ ಗಾಡಿ ಓಡಿಸಿದಂತೆ ಕಾಣುವುದಿಲ್ಲ.

ಚಾಸಿಯನ್ನು ಸ್ಟ್ಯಾಂಡ್ ಮೇಲೆ ಭದ್ರವಾಗಿ ನಿಲ್ಲಿಸಿ, ಪಟ್ಟಾದ ತುದಿಯ ಕಣ್ಣಿನ (ಬುಷ್ ಕೂರುವ ಉಂಗುರದ) ಬಳಿ ಸಣ್ಣ ಹಾರೆಯಿಂದ ಮೀಟಿ ನೋಡಿ. ಸಡಿಲವಾಗಿ ಆಡಿದರೆ, ರಬ್ಬರ್ ಬಿರುಕು ಬಿಟ್ಟಿದ್ದರೆ ಬುಷ್ ಬದಲಿಸಿ. ಸವೆದ ಬೋಲ್ಟನ್ನೂ ಬಿಡಬೇಡಿ.

ಹೊಸ ಬುಷ್ ಹಾಕಿದವರೂ ಎಡವುವುದು ಒಂದು ಕಡೆ: ಚಕ್ರಗಳು ನೇತಾಡುತ್ತಿರುವಾಗಲೇ ನಟ್ ಪೂರ್ತಿ ಬಿಗಿದುಬಿಡುತ್ತಾರೆ. ಗಾಡಿ ಇಳಿಸಿದಾಗ ರಬ್ಬರ್ ತಿರುಚಿಕೊಂಡೇ ಉಳಿದು ಬೇಗ ಹಾಳಾಗುತ್ತದೆ. ಮೊದಲು ಸಡಿಲವಾಗಿ ಹಾಕಿ, ಗಾಡಿಯ ಭಾರ ಚಕ್ರಗಳ ಮೇಲೆ ಬಿದ್ದ ನಂತರವೇ ಬಿಗಿಯಬೇಕು. ರಬ್ಬರ್ ಬದಲು ಪಾಲಿಯುರೆಥೇನ್ (ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್) ಬುಷ್ ಹಾಕಿಸಿದ್ದರೆ ಸಿಲಿಕೋನ್ ಗ್ರೀಸ್ ಸವರಬಹುದು.