ಸುಮ್ನೆ ಹಾಕಿರು, ಹೇಗೂ ಸಿಗಲ್ಲ

ಪಿಯುಸಿ ಮುಗಿಸಿದ ಮಕ್ಕಳಿರುವ ಬೆಂಗಳೂರಿನ ಮನೆಗೆ ಜೂನ್, ಜುಲೈನಲ್ಲಿ ಹೋಗುವವರು ಸ್ವಲ್ಪ ಧೈರ್ಯ ಮಾಡಿಕೊಂಡೇ ಹೋಗಬೇಕು. ಕಾಫಿ ಬರುವ ಮುಂಚೆ ಪ್ರಶ್ನೆ ಬರುತ್ತದೆ: ‘ನೀವೇ ಹೇಳಿ, ಅದಾ, ಇದಾ?’ ಅದು ಅಂದರೆ ಹೆಸರು ಕೇಳಿದ ಕೂಡಲೇ ಜನ ‘ಓಹೋ’ ಅನ್ನುವ ವಿಶ್ವವಿದ್ಯಾಲಯ. ಇದು ಅಂದರೆ ‘ಅದೆಲ್ಲಿ ಬರುತ್ತೆ?’ ಅನ್ನಿಸಿಕೊಳ್ಳುವ, ಆದರೆ ಮಗಳಿಗೆ ಹಿಡಿಸಿರುವ ವಿಶ್ವವಿದ್ಯಾಲಯ. ಮಗಳು ಒಳಗಿನ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಕೂತಿರುತ್ತಾಳೆ. ಅವಳೊಬ್ಬಳನ್ನು ಬಿಟ್ಟು ಉಳಿದವರನ್ನೆಲ್ಲ ಕೇಳಿ ಮುಗಿದಿರುತ್ತದೆ.

ಮೊದಲ ಎಡವಟ್ಟು ಆ ‘ಓಹೋ’ ಹೆಸರಿನಲ್ಲೇ ಇದೆ. ಬಿ.ಎಂ.ಎಸ್. ಅಂದರೆ ಬಸವನಗುಡಿಯ ಬುಲ್ ಟೆಂಪಲ್ ರಸ್ತೆಯಲ್ಲಿ 1946ರಲ್ಲಿ ಶುರುವಾದ ಇಂಜಿನಿಯರಿಂಗ್ ಕಾಲೇಜು ಎಂದು ಅಜ್ಜಿಗೂ ಗೊತ್ತು. ಅದೇ ಮೂರಕ್ಷರದ ಇನ್ನೊಂದು ಕಾಲೇಜು ಯಲಹಂಕದಾಚೆ ದೊಡ್ಡಬಳ್ಳಾಪುರ ರಸ್ತೆಯಲ್ಲಿದೆ. ಆರ್.ವಿ. ಇಂಜಿನಿಯರಿಂಗ್ ಕಾಲೇಜು ಮೈಸೂರು ರಸ್ತೆಯಲ್ಲಿ 1963ರಿಂದ ಇದೆ. 2021ರಲ್ಲಿ ಬಂದ ಆರ್.ವಿ. ವಿಶ್ವವಿದ್ಯಾಲಯವೂ ಅದೇ ರಸ್ತೆಯಲ್ಲಿದೆ, ಎರಡೂ ಬೇರೆ ಬೇರೆ. ಪಿ.ಇ.ಎಸ್.ಗೆ ರಿಂಗ್ ರಸ್ತೆಯಲ್ಲೊಂದು, ಎಲೆಕ್ಟ್ರಾನಿಕ್ ಸಿಟಿ ಕಡೆ ಇನ್ನೊಂದು ಕ್ಯಾಂಪಸ್. ಕ್ರೈಸ್ಟ್‌ಗೆ ಹೊಸೂರು ರಸ್ತೆ, ಕೆಂಗೇರಿ, ಬನ್ನೇರುಘಟ್ಟ ರಸ್ತೆ, ಯಶವಂತಪುರ ಅಂತ ಊರ ನಾಲ್ಕೂ ದಿಕ್ಕು. ಅಪ್ಪ ಒಂದು ಕ್ಯಾಂಪಸ್ಸಿನ ಮರಗಳನ್ನು ನೋಡಿ ಮೆಚ್ಚಿ ಬಂದಿರುತ್ತಾರೆ, ಅರ್ಜಿಯಲ್ಲಿ ಟಿಕ್ ಆಗಿರುವುದು ಇನ್ನೊಂದು. ಇನ್ನು 1964ರ ಬೆಂಗಳೂರು ವಿಶ್ವವಿದ್ಯಾಲಯ 2017ರಲ್ಲಿ ಮೂರು ಪಾಲಾಯಿತಲ್ಲ, ಅದರಲ್ಲಿ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಶುರುವಾಗಿದ್ದು ಕೋಲಾರದ ಟಮಕದಲ್ಲಿ. ಹೆಬ್ಬಾಳದ ಕಡೆ ಎಲ್ಲೋ ಇರಬೇಕು ಅಂದುಕೊಂಡವರು ಹಳೇ ಮದ್ರಾಸು ರಸ್ತೆ ಹಿಡಿಯಬೇಕು. ಆದ್ದರಿಂದ ಅರ್ಜಿ ತುಂಬುವಾಗ ಹೆಸರು ಓದಬೇಡಿ, ಕಾಲೇಜು ಕೋಡ್ ಮತ್ತು ವಿಳಾಸದ ಕೊನೇ ಸಾಲು ಓದಿ.

ಹೆಸರಿನ ತೂಕ ನೋಡುವುದಕ್ಕೂ ಒಂದು ಕ್ರಮವಿದೆ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಪಟ್ಟಿ, ಅಂದರೆ ಕಾಲೇಜು, ವಿಶ್ವವಿದ್ಯಾಲಯಗಳ ರ್‍ಯಾಂಕ್ ಪಟ್ಟಿ, 2016ರಿಂದ ಬರುತ್ತಿದೆ. ನೂರರಲ್ಲಿ ಬೋಧನೆ ಮತ್ತು ಸೌಲಭ್ಯಕ್ಕೆ 30, ಸಂಶೋಧನೆಗೆ 30, ಓದಿದವರು ಮುಂದೆ ಏನಾದರು ಅನ್ನುವುದಕ್ಕೆ 20, ಬೇರೆ ರಾಜ್ಯದವರು, ಹೆಣ್ಣುಮಕ್ಕಳು, ಹಿಂದುಳಿದವರಿಗೆ ಜಾಗ ಸಿಕ್ಕಿದೆಯೇ ಅನ್ನುವುದಕ್ಕೆ 10. ಉಳಿದ 10 ಅಂಕ ‘ಗ್ರಹಿಕೆ’ಗೆ, ಅಂದರೆ ಜನ ಏನಂದುಕೊಂಡಿದ್ದಾರೆ ಅನ್ನುವುದಕ್ಕೆ. ನಮ್ಮ ಮನೆಗಳಲ್ಲಿ ಈ ಹತ್ತೇ ನೂರು. ಸಂಶೋಧನೆಯ 30 ಅಂಕ ತಂದುಕೊಟ್ಟ ಪ್ರೊಫೆಸರನ್ನು ಮೊದಲ ವರ್ಷದ ಹುಡುಗಿ ನೋಡುವುದು ಹೆಚ್ಚಾಗಿ ಕಾರಿಡಾರಿನ ಫೋಟೋದಲ್ಲಿ. ಕಾಂಪೌಂಡಿನ ಮೇಲೆ ಮಾರುದ್ದ ಬರೆಸಿದ ನ್ಯಾಕ್ ‘ಎ++’ ಬಗ್ಗೆಯೂ ಒಂದು ಮಾತು: ನ್ಯಾಕ್ ಅಂದರೆ ಕಾಲೇಜುಗಳ ಗುಣಮಟ್ಟ ಅಳೆಯುವ ಸಂಸ್ಥೆ, ಎ++ ಅಂದರೆ ಅದು ನಾಲ್ಕಕ್ಕೆ 3.51ರ ಮೇಲೆ ಬಂದವರಿಗೆ ಕೊಟ್ಟಿರುವ ಗ್ರೇಡು, ಸಾಮಾನ್ಯವಾಗಿ ಐದು ವರ್ಷಕ್ಕೆ. ಬೋರ್ಡಿನಲ್ಲಿ ಗ್ರೇಡ್ ದಪ್ಪಕ್ಷರದಲ್ಲಿದ್ದು ಇಸವಿ ಎಲ್ಲೂ ಕಾಣದಿದ್ದರೆ ಕೇಳಿಬಿಡಿ.

‘ಹೈಯೆಸ್ಟ್ ಪ್ಯಾಕೇಜ್’ ಅನ್ನುವುದು ಒಬ್ಬ ಹುಡುಗನ ಸಂಬಳ. ಅದು ನಿಮ್ಮ ಮಗಳ ಸಂಬಳವಲ್ಲ, ಅವನ ಪಕ್ಕ ಕೂತವನದೂ ಅಲ್ಲ. ಎನ್‌ಐಆರ್‌ಎಫ್‌ಗೆ ಸಲ್ಲಿಸಿದ ಮಾಹಿತಿಯಲ್ಲಿ ಮಧ್ಯಾಂಕದ ಸಂಬಳ (ಅರ್ಧ ಜನಕ್ಕೆ ಅದಕ್ಕಿಂತ ಹೆಚ್ಚು, ಅರ್ಧ ಜನಕ್ಕೆ ಕಡಿಮೆ) ಇರುತ್ತದೆ, ಎಷ್ಟು ಜನಕ್ಕೆ ಕೆಲಸ ಸಿಕ್ಕಿತು ಅನ್ನುವುದೂ ಇರುತ್ತದೆ. ಈ ಎರಡು ಸಂಖ್ಯೆ ನೋಡಿದ ಮೇಲೆ ಎಷ್ಟೋ ‘ಓಹೋ’ಗಳು ‘ಓ’ ಆಗುತ್ತವೆ.

ನೆಮ್ಮದಿಯನ್ನು ಅಳೆಯೋಕಾಗಲ್ಲ ಅನ್ನುವವರು ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ದಾಟಿಲ್ಲ. ಹೋಗುತ್ತ ಒಂದೂವರೆ, ಬರುತ್ತ ಒಂದೂವರೆ ಗಂಟೆ ಅಂತಿಟ್ಟುಕೊಳ್ಳಿ. ವರ್ಷಕ್ಕೆ 180 ದಿನ, ನಾಲ್ಕು ವರ್ಷ. ಒಟ್ಟು 2,160 ಗಂಟೆ, ಅಂದರೆ ತೊಂಬತ್ತು ದಿನ ಹಗಲೂ ರಾತ್ರಿ ಬಸ್ಸಿನಲ್ಲೇ, ಅದರಲ್ಲಿ ಬಹುಪಾಲು ನಿಂತುಕೊಂಡು. 2023ರಲ್ಲಿ ಮೆಟ್ರೋದ ನೇರಳೆ ಮಾರ್ಗ ಚಲ್ಲಘಟ್ಟದವರೆಗೆ, 2025ರಲ್ಲಿ ಹಳದಿ ಮಾರ್ಗ ಬೊಮ್ಮಸಂದ್ರದವರೆಗೆ ಓಡಿದ ಮೇಲೆ ಎಷ್ಟೋ ಮನೆಗಳ ಲೆಕ್ಕ ತಿರುವುಮುರುವಾಗಿದೆ. ಹಾಗಂತ ಮೆಟ್ರೋ ನಕ್ಷೆ ನೋಡಿ ‘ಸ್ಟೇಷನ್ ಪಕ್ಕದಲ್ಲೇ’ ಅಂದುಬಿಡಬಾರದು. ಜ್ಞಾನಭಾರತಿ ಸ್ಟೇಷನ್ನಿನಲ್ಲಿ ಇಳಿದವರು ಬೆಂಗಳೂರು ವಿಶ್ವವಿದ್ಯಾಲಯದ ಆವರಣಕ್ಕೆ ಬಂದಂತೆ, ತರಗತಿಗೆ ಬಂದಂತಲ್ಲ. ಆ ಆವರಣ ಸಾವಿರ ಎಕರೆಗೂ ದೊಡ್ಡದು.

ನೋಡಲು ಹೋಗುವುದಾದರೆ ಮಂಗಳವಾರ ಹೋಗಿ. ಓಪನ್ ಡೇ ದಿನ ಬೇಡವೇ ಬೇಡ, ಅವತ್ತು ಎಲ್ಲ ನಲ್ಲಿಯಲ್ಲೂ ನೀರು ಬರುತ್ತದೆ. ಕಾರು ಮನೆಯಲ್ಲಿ ಬಿಡಿ. ಮಗಳು ಯಾವ ಹೊತ್ತಿಗೆ ಹೊರಡಬೇಕೋ ಆ ಹೊತ್ತಿಗೆ, ಅವಳು ಹತ್ತುವ ಬಸ್ಸಿನಲ್ಲೇ, ಹೆಗಲಿಗೊಂದು ಭಾರದ ಬ್ಯಾಗು ಹಾಕಿಕೊಂಡು ಹೊರಡಿ. ಲೈಬ್ರರಿಯಲ್ಲಿ ಎಷ್ಟು ಲಕ್ಷ ಪುಸ್ತಕ ಎಂದು ಕೇಳಬೇಡಿ, ಸಂಜೆ ಎಷ್ಟಕ್ಕೆ ಮುಚ್ಚುತ್ತಾರೆ, ಚಾರ್ಜಿಂಗ್ ಪಾಯಿಂಟ್ ಎಷ್ಟಿವೆ ಅಂತ ನೋಡಿ. ಒಂದು ಗಂಟೆಗೆ ಕ್ಯಾಂಟೀನಿನಲ್ಲಿ ರೈಸ್‌ಬಾತ್ ತಿನ್ನಿ. ಮೂರನೇ ಮಹಡಿಯ ಹೆಣ್ಣುಮಕ್ಕಳ ಟಾಯ್ಲೆಟ್ಟನ್ನು ಅಮ್ಮ ನೋಡಲಿ. ಅಲ್ಲಿಯ ಚಿಲಕ ಸರಿಯಿದ್ದರೆ ಆಡಳಿತ ಮುಕ್ಕಾಲು ಪಾಲು ಸರಿಯಿದೆ ಎಂದೇ ಅರ್ಥ. ಹಾಸ್ಟೆಲ್ಲಾದರೆ ಭಾನುವಾರ ರಾತ್ರಿ ಮೆಸ್ ಇದೆಯೋ ಇಲ್ಲವೋ ಕೇಳಿಕೊಳ್ಳಿ.

ಎಲ್ಲಕ್ಕಿಂತ ಮುಖ್ಯವಾಗಿ ಗೇಟಿನೆದುರಿನ ಜೆರಾಕ್ಸ್ ಅಂಗಡಿ. ಪ್ರಿನ್ಸಿಪಾಲರಿಗೆ ಗೊತ್ತಿಲ್ಲದ್ದು ಅಲ್ಲಿ ಗೊತ್ತಿರುತ್ತದೆ. ಕೌಂಟರಿನ ಮೇಲೆ ರಬ್ಬರ್ ಬ್ಯಾಂಡ್ ಹಾಕಿಟ್ಟ ನೋಟ್ಸಿನ ಕಟ್ಟುಗಳಿರುತ್ತವೆ, ಮೇಲೊಂದು ಚೀಟಿ, ವಿಷಯದ ಹೆಸರು, ಮೇಡಂ ಹೆಸರು. ಆ ಮೇಡಂ ಅದೇ ಕಾಲೇಜಿನವರಾದರೆ ಶುಭ. ಮಕ್ಕಳು ಸಾಲುಗಟ್ಟಿ ನಿಂತು ಬೇರೆ ಕಾಲೇಜಿನ ಮೇಡಂ ನೋಟ್ಸ್ ಕಾಪಿ ಮಾಡಿಸುತ್ತಿದ್ದರೆ, ಆ ಬೇರೆ ಕಾಲೇಜು ಯಾವುದು ಅಂತ ವಿಚಾರಿಸಿಕೊಂಡು ಬರುವುದು ಲೇಸು.

ಇಷ್ಟೆಲ್ಲ ಆದಮೇಲೆ ಕೆಇಎಯ, ಅಂದರೆ ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ, ಆಪ್ಷನ್ ಎಂಟ್ರಿ: ಬೇಕಾದ ಕಾಲೇಜು, ಬ್ರಾಂಚುಗಳನ್ನು ಇಷ್ಟದ ಕ್ರಮದಲ್ಲಿ ತುಂಬುವುದು. ಮನೆತನದ ಮಾನಕ್ಕೂ ಮಗಳ ಮನಸ್ಸಿಗೂ ನೇರ ಡಿಕ್ಕಿಯಾಗುವ ಸ್ಥಳ ಇದು. ರಾತ್ರಿ ಹನ್ನೊಂದು ಗಂಟೆ, ಲ್ಯಾಪ್‌ಟಾಪಿನ ಮುಂದೆ ಮೂರು ಕುರ್ಚಿ.

‘ಅದನ್ನ ಒಂದನೇದಕ್ಕೆ ಹಾಕಿರು ಪುಟ್ಟಾ.’

‘ಅಪ್ಪಾ, ಅಲ್ಲಿ ನಂಗೆ ಬೇಕಾದ ಬ್ರಾಂಚ್ ಸಿಗಲ್ಲ. ದೂರ ಬೇರೆ.’

‘ಸುಮ್ನೆ ಹಾಕಿರು, ಹೇಗೂ ಸಿಗಲ್ಲ. ಶಿವಮೊಗ್ಗದ ದೊಡ್ಡಪ್ಪ ಕೇಳಿದ್ರೆ ಹಾಕಿದ್ವಿ ಅನ್ನಬಹುದು.’

‘ಸಿಕ್ಕಿಬಿಟ್ರೆ?’

‘ಸಿಕ್ಕಾಗ ನೋಡೋಣ.’

ಕಂಪ್ಯೂಟರಿಗೆ ದೊಡ್ಡಪ್ಪ ಯಾರು ಅಂತ ಗೊತ್ತಿಲ್ಲ. ಅದು ರ್‍ಯಾಂಕಿನ ಪ್ರಕಾರ ಒಬ್ಬೊಬ್ಬರನ್ನೇ ಕರೆದು, ಅವರ ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡುತ್ತ ಬಂದು, ಸೀಟು ಖಾಲಿ ಇರುವ ಮೊದಲ ಆಪ್ಷನ್ನನ್ನು ಕೊಟ್ಟು ಮುಂದೆ ಹೋಗುತ್ತದೆ. ಕೆಳಗಿನವನ್ನು ತಿರುಗಿಯೂ ನೋಡುವುದಿಲ್ಲ. ಸಿಗದ ಸೀಟನ್ನು ಮೇಲೆ ಹಾಕಿದರೆ ಕೆಳಗಿನದಕ್ಕೆ ನಷ್ಟವಿಲ್ಲ, ಇದು ನಿಜ. ಬೇಡದ ಸೀಟನ್ನು ಮೇಲೆ ಹಾಕಿದರೆ ಮಾತ್ರ ಕಷ್ಟ, ಯಾಕೆಂದರೆ ಅದು ಸಿಗುತ್ತದೆ. ಹಿಂದಿನ ವರ್ಷದ ಕಟ್ ಆಫ್ ನೋಡಿ ‘ನಮಗೆ ಬರಲ್ಲ’ ಅಂದುಕೊಂಡವರು ನೋಡಿದ್ದು ಮೊದಲ ಸುತ್ತಿನದಾಗಿರುತ್ತದೆ. ಕೊನೆಯ ಸುತ್ತಿನ ಹೊತ್ತಿಗೆ ಅದು ಎಷ್ಟೋ ಕಡೆ ಕೆಳಗೆ ಇಳಿದಿರುತ್ತದೆ. ಅಣಕು ಹಂಚಿಕೆ, ಅಂದರೆ ಮಾಕ್ ಅಲಾಟ್‌ಮೆಂಟ್ ಇರುವುದೇ ಈ ಗಾಬರಿಗಾಗಿ. ಅದು ಬಂದಮೇಲೆ ಕ್ರಮ ಬದಲಿಸಲು ಕೆಲವು ದಿನ ಸಿಗುತ್ತವೆ. ಆ ದಿನಗಳಲ್ಲಿ ಅಪ್ಪ ಆಫೀಸಿನ ಮೀಟಿಂಗಿನಲ್ಲಿರುತ್ತಾರೆ, ಒಟಿಪಿ ಅವರ ಫೋನಿಗೇ ಹೋಗುತ್ತದೆ, ಪಾಸ್‌ವರ್ಡು ಸೈಬರ್ ಸೆಂಟರಿನವನ ನೋಟ್‌ಬುಕ್ಕಿನಲ್ಲಿರುತ್ತದೆ.

ಸೀಟು ಬಂದ ಮೇಲೆ ಚಾಯ್ಸ್‌ಗಳ ಸರದಿ. ಒಂದು ಅಂದರೆ ಒಪ್ಪಿ, ಶುಲ್ಕ ಕಟ್ಟಿ ಸೇರುವುದು. ಎರಡು ಅಂದರೆ ಇದು ಇರಲಿ, ಮೇಲಿನದು ಬಂದರೆ ಅದು. ಮೂರು ಅಂದರೆ ಇದು ಬೇಡ, ಮುಂದಿನ ಸುತ್ತು ನೋಡೋಣ. ನಾಲ್ಕು ಅಂದರೆ ಸಹವಾಸವೇ ಸಾಕು. ಮಧ್ಯಮ ವರ್ಗಕ್ಕೆ ಹೇಳಿ ಮಾಡಿಸಿದ್ದು ಎರಡನೆಯದು, ಎಡವುವುದೂ ಅಲ್ಲೇ. ಮೇಲಿನ ಆಪ್ಷನ್ ಬಂದ ಕ್ಷಣವೇ ಕೈಯಲ್ಲಿದ್ದ ಸೀಟು ಹೋಯಿತು, ಹಿಂದಿರುಗುವ ದಾರಿಯಿಲ್ಲ. ಮಗಳಿಗೆ ಇಷ್ಟವಾದದ್ದು ನಾಲ್ಕನೇ ಆಪ್ಷನ್ನಾಗಿ ಸಿಕ್ಕಿತ್ತು, ದೊಡ್ಡಪ್ಪನಿಗಾಗಿ ಹಾಕಿದ ಒಂದನೆಯದು ಎರಡನೇ ಸುತ್ತಿನಲ್ಲಿ ಬಂತು ಅಂದರೆ ಮುಗಿಯಿತು. ಮನೆಯಲ್ಲಿ ಕೇಸರಿಬಾತ್ ಆಗುತ್ತದೆ, ಒಬ್ಬಳು ತಿನ್ನುವುದಿಲ್ಲ. ‘ಹೋಗಿ ಬ್ರಾಂಚ್ ಚೇಂಜ್ ಮಾಡಿಸ್ಕೊಂಡ್ರಾಯ್ತು’ ಅನ್ನುವ ಸಮಾಧಾನವನ್ನು ನಂಬಬೇಡಿ. ಬೇಕಾದ ಬ್ರಾಂಚಿನಲ್ಲಿ ಸೀಟು ಖಾಲಿ ಉಳಿದಿರಬೇಕು, ಮೊದಲ ವರ್ಷದ ಅಂಕದಲ್ಲಿ ಅವಳು ಎಲ್ಲರಿಗಿಂತ ಮುಂದಿರಬೇಕು. ಆಯಾ ವರ್ಷದ ಸೂಚನೆಯಲ್ಲಿ ನಿಯಮ ಓದಿಕೊಂಡು, ಬೇಡದ ಆಪ್ಷನ್ನನ್ನು ತೆಗೆದುಹಾಕಲು ಅವಕಾಶವಿರುವಾಗಲೇ ತೆಗೆದುಹಾಕಿ. ದೊಡ್ಡಪ್ಪನಿಗೆ ಹಾಕಿದ್ವಿ ಅಂತಲೇ ಹೇಳಿ, ಅವರೇನು ಪ್ರಿಂಟ್‌ಔಟ್ ಕೇಳುವುದಿಲ್ಲ.

ವಿಶ್ವವಿದ್ಯಾಲಯಕ್ಕೆ ನೇರವಾಗಿ ದುಡ್ಡು ಕಟ್ಟಿ ಆಮೇಲೆ ಮನಸ್ಸು ಬದಲಾದವರಿಗೆ ಯುಜಿಸಿಯ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗದ, 2018ರ ನಿಯಮವಿದೆ. ಪ್ರವೇಶದ ಕೊನೇ ದಿನಕ್ಕೆ ಹದಿನೈದು ದಿನ ಮುಂಚೆಯೇ ಬಿಟ್ಟರೆ ಪೂರ್ತಿ ಶುಲ್ಕ ವಾಪಸ್, ಐದು ಸಾವಿರಕ್ಕೆ ಮೀರದ ಖರ್ಚು ಹಿಡಿದುಕೊಂಡು. ಆ ಹದಿನೈದು ದಿನದೊಳಗೆ 90 ಶೇಕಡಾ, ಕೊನೇ ದಿನ ದಾಟಿ ಹದಿನೈದು ದಿನದವರೆಗೆ 80, ಮೂವತ್ತರವರೆಗೆ 50, ಆಮೇಲೆ ಸೊನ್ನೆ. ಮೂಲ ಅಂಕಪಟ್ಟಿಯನ್ನು ವಿಶ್ವವಿದ್ಯಾಲಯದವರು ಪರಿಶೀಲಿಸಿ ಆಗಲೇ ವಾಪಸ್ ಕೊಟ್ಟುಬಿಡಬೇಕು, ಬೀರುವಿನಲ್ಲಿ ಇಟ್ಟುಕೊಳ್ಳುವಂತಿಲ್ಲ. ಇದನ್ನು ಕೌಂಟರಿನಲ್ಲಿ ಹೇಳುವಾಗ ಸುತ್ತೋಲೆಯ ಪ್ರತಿ ಕೈಯಲ್ಲಿರಲಿ, ಬಾಯಿಮಾತಿಗೆ ಅಲ್ಲಿ ಯಾರೂ ತಲೆ ಎತ್ತುವುದಿಲ್ಲ.

ಎರಡರಲ್ಲಿ ಒಂದು ಆರಿಸಲು ಆಗುವುದೇ ಇಲ್ಲ ಅನ್ನುವವರಿಗೆ ಅದೇ ಯುಜಿಸಿ 2022ರಲ್ಲಿ ಇನ್ನೊಂದು ಬಾಗಿಲು ತೆರೆದಿದೆ: ಏಕಕಾಲಕ್ಕೆ ಎರಡು ಪದವಿ, ಎರಡೂ ಕಡೆ ಖುದ್ದು ಹಾಜರಾಗಿ ಓದಬಹುದು, ತರಗತಿಯ ವೇಳೆ ಒಂದರ ಮೇಲೊಂದು ಬರಬಾರದು ಅಷ್ಟೇ. ದೊಡ್ಡಪ್ಪ ಇದನ್ನು ವಾಟ್ಸಾಪಿನಲ್ಲಿ ಓದಿ ಫೋನ್ ಮಾಡೇ ಮಾಡುತ್ತಾರೆ. ‘ಬೆಳಿಗ್ಗೆ ಅಲ್ಲಿ, ಮಧ್ಯಾಹ್ನ ಇಲ್ಲಿ. ಸರಿಹೋಯ್ತಲ್ಲೇನೋ?’ ಶಿವಮೊಗ್ಗದಲ್ಲಿ ಕೂತು ನೋಡಿದರೆ ಕೆಂಗೇರಿಗೂ ಯಲಹಂಕಕ್ಕೂ ಅಂಥಾ ದೂರವೇನಿಲ್ಲ.