ದಿವಾಳಿ ಆದ್ರೂ ಬಿಡದ ಸಾಲ

ನಿನ್ನೆ ಸಂಜೆಯಿಂದ ತಲೆ ಕಾದಿದೆ, ಬರೀದಿದ್ರೆ ನಿದ್ದೆ ಬರಲ್ಲ.

ಆಸ್ಪತ್ರೆ ಲ್ಯಾಬಲ್ಲಿ ನನ್ನ ಜೊತೆ ನೈಟ್ ಶಿಫ್ಟ್ ಮಾಡೋ ಅಮೆರಿಕನ್ ಗೆಳತಿ ಬಗ್ಗೆ ಹಿಂದೆ ಬರೆದಿದ್ದೆ, ರಕ್ತ ತೆಗೆಯೋ ಕೆಲಸ ಅವಳದು, 53 ವರ್ಷ (ಅವಳನ್ನ ಕೇಳಿಯೇ ಬರೀತಿದೀನಿ). ನರ್ಸಿಂಗ್ ಓದೋಕೆ ಸರ್ಕಾರದ ಸಾಲ ತಗೊಂಡಿದ್ದು 38 ಸಾವಿರ ಡಾಲರ್, ಅಮ್ಮನಿಗೆ ಹುಷಾರಿಲ್ದೆ ಓದು ಅರ್ಧಕ್ಕೇ ನಿಂತೋಯ್ತು, ಬಡ್ಡಿ ಸೇರಿ ಈಗ 71 ಸಾವಿರ. ಬ್ಯಾಂಕ್ರಪ್ಟ್ಸಿ, ಅಂದ್ರೆ ದಿವಾಳಿ ಅರ್ಜಿ, ಹಾಕಿದ್ಳು, ಕ್ರೆಡಿಟ್ ಕಾರ್ಡಿಂದು, ಆಸ್ಪತ್ರೆದು ಎಲ್ಲಾ ನಾಲ್ಕೇ ತಿಂಗಳಲ್ಲಿ ಮನ್ನಾ ಆಯ್ತು. ಓದಿನ ಸಾಲ ಮಾತ್ರ ಹಾಗೇ ಕೂತಿದೆ. ಅದಕ್ಕೆ ಬ್ಯಾಂಕ್ರಪ್ಟ್ಸಿ ಒಳಗೇ ಬೇರೆ ದಾವೆ ಹೂಡ್ಬೇಕು, ನಂಗೆ ಬದುಕೋಕೇ ಆಗ್ತಿಲ್ಲ ಅಂತ ಜಡ್ಜ್ ಮುಂದೆ ಸಾಬೀತು ಮಾಡ್ಬೇಕು. ಕ್ಯಾಸಿನೋದಲ್ಲಿ ಕಾರ್ಡ್ ಉಜ್ಜಿ ಕಳ್ಕೊಂಡ ದುಡ್ಡಿಗೆ ಸಾಮಾನ್ಯವಾಗಿ ಇಷ್ಟು ಪರೀಕ್ಷೆ ಇಲ್ಲ!

ನಿನ್ನೆ ನಮ್ಮ ಅಡುಗೆಮನೇಲಿ ಕೂತು ಆ ದಾವೆಗೆ ಕೊಡೋ ಫಾರ್ಮ್ ತುಂಬ್ತಾ ಇದ್ಲು, ಊಟಕ್ಕೆಷ್ಟು, ಬಟ್ಟೆಗೆಷ್ಟು, ಸೋಪಿಗೆಷ್ಟು. ಅಷ್ಟರಲ್ಲಿ ನಮ್ಮ ಕಡೆಯವರೇ ಒಬ್ರು ಬಂದ್ರು, ನೋಡಿ ಕನ್ನಡದಲ್ಲಿ ನಂಗೆ, "ತಗೊಳ್ಳೋವಾಗ ಗೊತ್ತಿರ್ಲಿಲ್ವಾ ಇವ್ಳಿಗೆ? ನಾವೆಲ್ಲ ತೀರಿಸ್ಲಿಲ್ವೇನಮ್ಮಾ?" ಅಂದ್ರು. ಅವಳಿಗೆ ಭಾಷೆ ಗೊತ್ತಿಲ್ದೆ ಇದ್ರೂ ದನಿ ಅರ್ಥ ಆಯ್ತು, ಪೆನ್ ಕೆಳಗಿಟ್ಟಳು.

ಹೌದು ತೀರಿಸಿದ್ವಿ. ಹೇಗೆ ತೀರಿಸಿದ್ವಿ? ನಮ್ಮಪ್ಪ ಸಾಗರದಲ್ಲಿ ಅಡಿಕೆ ತೋಟದ ಪತ್ರ ಬ್ಯಾಂಕಿಗಿಟ್ಟಿದ್ರು, ನಂಗೆ ಡಾಲರಲ್ಲಿ ಸಂಬಳ ಬಂತು, ನಾಲ್ಕು ವರ್ಷಕ್ಕೆ ಮುಗೀತು. ಕೆಲಸ ಸಿಗದೇ ಹೋಗಿದ್ರೆ ತೋಟ ಹೋಗ್ತಿತ್ತು, ನನ್ನ ಪ್ರಾಮಾಣಿಕತೆ ಅದನ್ನ ಉಳಿಸ್ತಿರ್ಲಿಲ್ಲ. ಇನ್ನೊಂದು ಹೇಳ್ಲೇಬೇಕು, ಎರಡು ವರ್ಷದ ಹಿಂದೆ ಅವಳು ಮೊದಲ ಸಲ ಈ ಮಾತೆತ್ತಿದಾಗ ನಾನೂ "ಸಾಲ ಅಂದ್ಮೇಲೆ ಕಟ್ಬೇಕಲ್ವಾ" ಅಂದಿದ್ದೆ. ಆಮೇಲೆ ಅವಳು ತುಂಬಾ ದಿನ ನನ್ನ ಹತ್ರ ಈ ವಿಷಯ ಎತ್ತಲೇ ಇಲ್ಲ. ಇವತ್ತಿಗೂ ಅದು ನಂಗೆ ಚುಚ್ಚುತ್ತೆ.

ಓದು ಮುಗಿಸಿದ ತಕ್ಷಣ ಎಲ್ರೂ ದಿವಾಳಿ ಅಂತ ಕೈ ಎತ್ತಿಬಿಡ್ತಾರೆ ಅನ್ನೋರಿಗೆ ಒಂದು ಮಾತು. ಅಮೆರಿಕದಲ್ಲಿ 1976ಕ್ಕೆ ಮುಂಚೆ ಈ ಸಾಲವೂ ಬೇರೆ ಸಾಲದ ಥರಾನೇ ಮನ್ನಾ ಆಗ್ತಿತ್ತು, ಆಗ ಹಾಗೆ ಹೋಗಿದ್ದು ಶೇಕಡ 1ಕ್ಕಿಂತ ಕಮ್ಮಿ. ಆದ್ರೂ ಕಾನೂನು ಮಾಡೋರು ಹೆದರಿ, ಕಟ್ಟೋ ಅವಧಿ ಶುರುವಾದ್ಮೇಲೆ ಮೊದಲು 5 ವರ್ಷ ಕಾಯಿ ಅಂದ್ರು, 1990ರಲ್ಲಿ 7 ಮಾಡಿದ್ರು, 1998ರಲ್ಲಿ ಕಾದ್ರೂ ಇಲ್ಲ ಅಂದ್ರು, 2005ರಲ್ಲಿ ಖಾಸಗಿ ಸಾಲಾನೂ ಸೇರಿಸಿದ್ರು. ಉಳಿದಿದ್ದು ಒಂದೇ ದಾರಿ, ವಿಪರೀತ ಕಷ್ಟ ಅಂತ ತೋರಿಸೋದು, ಅದು ಏನು ಅಂತ ಕಾನೂನಲ್ಲಿ ಬರೆದೇ ಇಲ್ಲ. 1987ರಲ್ಲಿ ಬ್ರೂನರ್ ಅನ್ನೋರ ಕೇಸಲ್ಲಿ ಕೋರ್ಟ್ ಒಪ್ಪಿದ ಮೂರು ಪರೀಕ್ಷೆನೇ ಬಹುತೇಕ ಕೋರ್ಟುಗಳಲ್ಲಿ ನಡೀತಿದೆ: ಈಗ ಕಟ್ಟಿದ್ರೆ ಕನಿಷ್ಠ ಜೀವನವೂ ನಡೆಯಲ್ಲ, ಮುಂದೂ ಹೀಗೇ ಇರುತ್ತೆ, ಕಟ್ಟೋಕೆ ನಿಜವಾಗಿ ಪ್ರಯತ್ನ ಪಟ್ಟಿದೀನಿ. ನಂಗೆ ಸಿಟ್ಟು ಬರೋದು ಆ ನಡುವಿಂದಕ್ಕೆ. ನನ್ನ ಬಾಳು ಮುಂದೆಯೂ ಸುಧಾರಿಸಲ್ಲ ಅಂತ ಒಬ್ಬ ಮನುಷ್ಯ ಸಾಕ್ಷಿ ಕೊಟ್ಟು ಹೇಳ್ಬೇಕಾ?

2022ರ ನವೆಂಬರಲ್ಲಿ ನ್ಯಾಯ ಇಲಾಖೆ ಸ್ವಲ್ಪ ದಾರಿ ಸಡಿಲ ಮಾಡ್ತು. ಈ ಫಾರ್ಮ್ ಆಗ ಬಂದಿದ್ದು. ವಯಸ್ಸು 65 ತುಂಬಿದ್ರೆ, ಅಂಗವೈಕಲ್ಯ ಇದ್ರೆ, ಡಿಗ್ರಿ ಮುಗೀದಿದ್ರೆ, ಕಟ್ಟೋ ಅವಧಿ ಶುರುವಾಗಿ 10 ವರ್ಷ ಆಗಿದ್ರೆ, ಮುಂದೆಯೂ ಕಷ್ಟ ಇರುತ್ತೆ ಅಂತ ಸರ್ಕಾರಿ ವಕೀಲರೇ ಒಪ್ಕೋಬಹುದು, ಕೊನೆ ಮಾತು ಜಡ್ಜಿಂದು. ಇದು ಕೇಂದ್ರ ಸರ್ಕಾರದ ಕೈಲಿರೋ ಸಾಲಕ್ಕೆ ಮಾತ್ರ. ಇದನ್ನ ಅವಳ ಮೊದಲ ವಕೀಲ ಹೇಳಲೇ ಇಲ್ಲ, "ಸ್ಟೂಡೆಂಟ್ ಲೋನ್ ಹೋಗಲ್ಲ" ಅಂತ ಒಂದೇ ಮಾತಲ್ಲಿ ಕಳಿಸಿಬಿಟ್ಟಿದ್ದ. ಎಷ್ಟು ಜನ ಹೀಗೆ ವಾಪಸ್ ಬಂದಿದಾರೋ!

ಬಂದವರಿಗೆ ನಿನ್ನೆ ನಾನು ಕಾಫಿ ಕೊಡ್ಲಿಲ್ಲ, ಈಗ್ಲೂ ಬೇಜಾರಿಲ್ಲ. ಅವರು ಹೋದ್ಮೇಲೆ ಅವಳು ಮತ್ತೆ ಪೆನ್ ತಗೊಂಡು, ಡಿಗ್ರಿ ಮುಗೀಲಿಲ್ಲ ಅನ್ನೋ ಬಾಕ್ಸಿಗೆ ಟಿಕ್ ಹಾಕಿ, ಅಮ್ಮ ಯಾವ ವರ್ಷ ಹಾಸಿಗೆ ಹಿಡಿದಿದ್ದು ಅಂತ ಕಣ್ಮುಚ್ಚಿ ಲೆಕ್ಕ ಹಾಕ್ತಾ ಕೂತ್ಲು. ಮಂಗಳವಾರ ಕಳಿಸ್ಬೇಕು.